ಹಳೆಯ ಹಲಗೆ, ಹೇಳದ ಮಾತು

‘ಕಸದಿಂದ ರಸ’ ಎಂಬ ಮಾತನ್ನು ನಾವೆಲ್ಲ ಶಾಲೆಯ ಗೋಡೆಗಳ ಮೇಲೆ ಓದುತ್ತ ಬಂದವರು. ಬೇಡವಾದುದನ್ನು ಬಿಸಾಡದೆ ಮತ್ತೊಮ್ಮೆ ಬಳಸುವುದು ಒಳ್ಳೆಯ ಗುಣ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು. ದುಂದುಗಾರಿಕೆಯನ್ನು ಹೊಗಳಿದ ಧರ್ಮವಿಲ್ಲ. ಆದರೆ ಎಲ್ಲರೂ ಒಪ್ಪಿದ ಸದ್ಗುಣಗಳನ್ನೂ ಒಮ್ಮೊಮ್ಮೆ ಮಗುಚಿ ನೋಡಬೇಕಾಗುತ್ತದೆ. ಒಬ್ಬ ಬಿಸಾಡಿದ್ದನ್ನು ಇನ್ನೊಬ್ಬ ಎತ್ತಿಕೊಳ್ಳುವಾಗ ಆ ವಸ್ತುವಿನ ಜೊತೆ ಇನ್ನೇನು ಕೈ ಬದಲಾಗುತ್ತದೆ? ಬಿಸಾಡಿದವನ ಹೊಣೆ ಅಲ್ಲಿಗೆ ಮುಗಿಯಿತೆ? ಎತ್ತಿಕೊಂಡವನಿಗೆ ಕೇಳುವ ಹಕ್ಕಿದೆಯೆ? ಈ ಪ್ರಶ್ನೆಗಳನ್ನು ತೀರ ಸಾಮಾನ್ಯವಾದ ಒಂದು ವಸ್ತುವನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಅದು ಕಾರ್ಖಾನೆಗಳಿಂದ ಹೊರಬಿದ್ದು ಧಾರವಾಡ ಜಿಲ್ಲೆಯ ರೈತರ ಮನೆ, ಹಿತ್ತಲುಗಳನ್ನು ಸೇರುವ ಕಟ್ಟಿಗೆಯ ಪ್ಯಾಲೆಟ್.

ಪ್ಯಾಲೆಟ್ ಎಂದರೆ ಅಡ್ಡ ಹಲಗೆಗಳನ್ನು ತುಂಡು ತೊಲೆಗಳ ಮೇಲಿಟ್ಟು ಮೊಳೆ ಹೊಡೆದು ಮಾಡಿದ ದೊಡ್ಡ ಮಣೆ. ಕೆಳಗೆ ಸಂದು ಬಿಟ್ಟಿರುವುದರಿಂದ ಫೋರ್ಕ್‌ಲಿಫ್ಟ್ ಯಂತ್ರ ತನ್ನ ಎರಡು ಕಬ್ಬಿಣದ ತೋಳುಗಳನ್ನು ತೂರಿಸಿ ಮೇಲಿನ ಸರಕನ್ನೆಲ್ಲ ಒಮ್ಮೆಗೇ ಎತ್ತಬಲ್ಲದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಯುದ್ಧಸಾಮಗ್ರಿ ಸಾಗಿಸಲು ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. 1961ರಲ್ಲಿ ಯುರೋಪಿನ ರೈಲ್ವೆಗಳು 1200 ಮಿ.ಮೀ. ಉದ್ದ, 800 ಮಿ.ಮೀ. ಅಗಲದ ಒಂದೇ ಅಳತೆಯ ಪ್ಯಾಲೆಟ್ಟಿಗೆ ಒಪ್ಪಿಕೊಂಡವು. ಇಂದು ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರಿನಂಥ ಕೈಗಾರಿಕಾ ಪ್ರದೇಶಗಳಿಗೆ ಯಂತ್ರದ ಬಿಡಿಭಾಗ, ಕಾಗದ, ಬಣ್ಣ, ರಾಸಾಯನಿಕ ಹೀಗೆ ಬಗೆಬಗೆಯ ಸರಕು ಇದರ ಮೇಲೆ ಕುಳಿತೇ ಬರುತ್ತದೆ. ಸರಕು ಇಳಿದ ಮೇಲೆ ಮುರಿದವು, ಹೆಚ್ಚಾದವು ಗುಜರಿಗೆ ಬೀಳುತ್ತವೆ. ಹುಬ್ಬಳ್ಳಿ ಕಡೆ ಇದಕ್ಕೆ ಮೋಡಕಾ ಎನ್ನುವುದೂ ಉಂಟು. ಅಲ್ಲಿಂದ ಟಂಟಂ ಏರಿ ಹಳ್ಳಿಯ ದಾರಿ ಹಿಡಿಯುತ್ತವೆ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಭೂಮಿಯಲ್ಲಿ ಬದುಕು ಮಾಡುವವರಿಗೆ ಈ ಮಣೆಯ ಬೆಲೆ ಬೇಗ ತಿಳಿಯುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಮಣ್ಣಿನ ನೆಲ, ಮಣ್ಣಿನ ಗೋಡೆಯ ಮನೆಯಲ್ಲಿ ತೇವ ಕೆಳಗಿನಿಂದಲೇ ಏರುತ್ತದೆ. ನೆಲಕ್ಕೆ ತಾಗಿಸಿಟ್ಟ ಕಡಲೆಯ ಚೀಲ, ಹೆಸರಿನ ಚೀಲ ತಳದಲ್ಲಿ ಬೂಷ್ಟು ಹಿಡಿಯುತ್ತದೆ. ಒಣಮೆಣಸಿನಕಾಯಿ ಬಣ್ಣಗೆಡುತ್ತದೆ. ಸರಕಾರಿ ಉಗ್ರಾಣಗಳಲ್ಲೂ ಚೀಲಗಳನ್ನು ಬರಿಯ ನೆಲದ ಮೇಲೆ ಒಟ್ಟುವುದಿಲ್ಲ, ಕೆಳಗೆ ಕಟ್ಟಿಗೆಯ ಚೌಕಟ್ಟು ಹಾಕುತ್ತಾರೆ. ಉಳ್ಳಾಗಡ್ಡಿಗಂತೂ ಕೆಳಗಿನಿಂದ ಗಾಳಿ ಆಡದಿದ್ದರೆ ಉಳಿಗಾಲವಿಲ್ಲ. ಹೀಗಾಗಿ ಕಾರ್ಖಾನೆಗೆ ಬೇಡವಾದ ಪ್ಯಾಲೆಟ್ ರೈತನ ಮನೆಯಲ್ಲಿ ಚೀಲದ ಕಟ್ಟೆ, ಉಳ್ಳಾಗಡ್ಡಿಯ ಹಾಸು, ಆಡಿನ ದೊಡ್ಡಿಯ ನೆಲ, ಕೋಳಿಗೂಡಿನ ಗೋಡೆ, ಹಿತ್ತಲ ಬಾಗಿಲು ಆಗಬಲ್ಲದು. ಒಂದು ಮರ ಕಡಿಯುವುದು ತಪ್ಪುತ್ತದೆ, ಒಂದು ಚೀಲ ಕಾಳು ಉಳಿಯುತ್ತದೆ. ಇದು ಸಣ್ಣ ಲಾಭವಲ್ಲ.

ಹಾಗೆ ನೋಡಿದರೆ ಈ ಸೀಮೆಗೆ ಮರುಬಳಕೆ ಹೊಸ ಪಾಠವೇನಲ್ಲ. ಜಿಲ್ಲೆಯ ಪಶ್ಚಿಮಕ್ಕಿರುವ ಕಲಘಟಗಿಗೆ ಕಾಡು ಹತ್ತಿರ. ಅಲ್ಲಿಯ ಬಣ್ಣದ ತೊಟ್ಟಿಲು ಹೆಸರುವಾಸಿ. ಪೂರ್ವದ ಬಯಲಿನಲ್ಲಿ ಮರವೇ ಅಪರೂಪ. ಹೊಲದ ಬದುವಿನ ಕರಿಜಾಲಿಯೇ ಚಕ್ಕಡಿಗೂ ಕುಂಟೆಗೂ ಆಧಾರವಾಗಿತ್ತು. ಒಲೆಗೆ ಹತ್ತಿಯ ಕಟ್ಟಿಗೆ ಮತ್ತು ಕುಳ್ಳು. ಚಕ್ಕಡಿಯಲ್ಲಿ ಸವೆದ ತುಂಡು ಕುಂಟೆಯ ಭಾಗವಾಗಿ, ಆಮೇಲೆ ದನ ಕಟ್ಟುವ ಗೂಟವಾಗಿ, ಕಡೆಗೆ ಒಲೆ ಸೇರುತ್ತಿತ್ತು. ಈ ಕಾಯಕ ಬಡಿಗೇರರದು. ಸುಗ್ಗಿಯಲ್ಲಿ ರೈತ ಅವರಿಗೆ ಆಯ ಕೊಡುತ್ತಿದ್ದ.

ಆ ವ್ಯವಸ್ಥೆಯಲ್ಲಿ ಕೇಡುಗಳೂ ಇದ್ದವು. ಹುಟ್ಟಿನಿಂದಲೇ ಕಸುಬು ನಿಗದಿಯಾಗುತ್ತಿದ್ದ ಸಮಾಜವನ್ನು ಹೊಗಳುವ ಅಗತ್ಯ ನಮಗಿಲ್ಲ. ಆದರೆ ಅಲ್ಲಿದ್ದ ಒಂದು ಸಂಗತಿ ಇಂದು ಕಳೆದುಹೋಗಿದೆ. ಕಟ್ಟಿಗೆಯ ಜೊತೆ ಅದರ ಕಥೆಯೂ ಕೈಯಿಂದ ಕೈಗೆ ಹೋಗುತ್ತಿತ್ತು. ಇದು ಯಾರ ಬದುವಿನ ಜಾಲಿ, ಯಾವ ವರ್ಷ ಬಿದ್ದದ್ದು, ಹುಳ ತಿಂದಿದೆಯೆ, ಇಷ್ಟು ದಿನ ಏನಾಗಿತ್ತು ಎಂಬುದು ಬಡಿಗೇರನಿಗೂ ರೈತನಿಗೂ ಗೊತ್ತಿರುತ್ತಿತ್ತು. ಒಂದು ಮನೆಯ ತೊಟ್ಟಿಲು ಮತ್ತೊಂದು ಮನೆಗೆ ಹೋದರೂ ಅದರಲ್ಲಿ ಯಾರ ಮಕ್ಕಳು ಆಡಿದವು ಎಂಬ ನೆನಪು ಕೂಡಿಯೇ ಹೋಗುತ್ತದೆ. ಕಾರ್ಖಾನೆಯಿಂದ ಬಂದ ಪ್ಯಾಲೆಟ್ಟಿಗೆ ಇಂಥ ನೆನಪಿಲ್ಲ. ಅದು ಯಾವ ದೇಶದ ಮರ? ಅದರ ಮೇಲೆ ಏನು ಕುಳಿತಿತ್ತು? ಏನು ಸೋರಿತ್ತು?

ಕೆಲವು ಪ್ಯಾಲೆಟ್‌ಗಳ ಮೇಲೆ ಒಂದು ಹಣೆಬರಹ ಇರುವುದು ನಿಜ. ಹಲಗೆಯ ಪಕ್ಕಕ್ಕೆ ಸುಟ್ಟು ಒತ್ತಿದ ಮುದ್ರೆ, ಅದರಲ್ಲಿ ತೆನೆಯ ಚಿತ್ರ, ದೇಶದ ಹೆಸರಿನ ಎರಡು ಅಕ್ಷರ, ಕೆಲವು ಅಂಕಿ, ಕೊನೆಗೆ ‘ಎಚ್‌ಟಿ’ ಅಥವಾ ‘ಎಂಬಿ’. ಇದರ ಹಿಂದೆ ಒಂದು ಇತಿಹಾಸವಿದೆ. ಪ್ಯಾಕಿಂಗ್ ಕಟ್ಟಿಗೆಯೊಳಗೆ ಅಡಗಿ ಚೀನಾದಿಂದ ಸಾಗರ ದಾಟಿದ ಮರಕೊರಕ ದುಂಬಿಯೊಂದು 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಕಂಡುಬಂತು. ಇಂಥ ಕೀಟಗಳು ದೇಶದಿಂದ ದೇಶಕ್ಕೆ ಹರಡದಂತೆ ತಡೆಯಲು 2002ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ ಒಂದು ನಿಯಮ ಬಂತು. ಗಡಿ ದಾಟುವ ಪ್ಯಾಕಿಂಗ್ ಕಟ್ಟಿಗೆಯನ್ನು ಅದರ ತಿರುಳಿನ ತನಕ 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಬೇಕು. ಅದಕ್ಕೆ ಎಚ್‌ಟಿ ಗುರುತು. ಇಲ್ಲವೇ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಡಬೇಕು. ಅದಕ್ಕೆ ಎಂಬಿ ಗುರುತು. ಈ ಅನಿಲ ಭೂಮಿಯ ಓಝೋನ್ ಪದರವನ್ನು ಹಾಳುಗೆಡವುವುದರಿಂದ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಅದರ ಬಳಕೆಯನ್ನು ನಿಲ್ಲಿಸುತ್ತ ಬರಲಾಯಿತು. ಗಡಿಯಲ್ಲಿ ಕೀಟ ತಡೆಯುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಯುರೋಪಿನ ಒಕ್ಕೂಟ 2010ರಿಂದ ತನ್ನಲ್ಲಿ ಅದನ್ನೂ ನಿಲ್ಲಿಸಿತು.

ಆದರೆ ಈ ಹಣೆಬರಹ ಹೇಳುವುದು ಎಷ್ಟನ್ನು? ಕಟ್ಟಿಗೆಯೊಳಗಿನ ಹುಳವನ್ನು ಹೇಗೆ ಕೊಂದರು ಎಂಬಷ್ಟನ್ನೇ. ಆಮೇಲೆ ಆ ಹಲಗೆ ಏನೇನು ಹೊತ್ತಿತು, ಯಾವ ಡ್ರಮ್ಮಿನ ಆಸಿಡ್ ಅದರ ಮೇಲೆ ಸೋರಿತು, ಯಾವ ಔಷಧಿಯನ್ನು ಅದು ಹೀರಿಕೊಂಡಿತು ಎಂಬುದನ್ನು ಮುದ್ರೆ ಹೇಳುವುದಿಲ್ಲ. ದೇಶದೊಳಗೇ ಓಡಾಡುವ ಪ್ಯಾಲೆಟ್ಟಿಗೆ ಈ ಮುದ್ರೆಯೂ ಬೇಕಿಲ್ಲ. ಇದ್ದರೂ ಅದು ಬರೆದಿರುವುದು ಬಂದರಿನ ಅಧಿಕಾರಿಗಾಗಿ, ಅಣ್ಣಿಗೇರಿಯ ರೈತನಿಗಾಗಿ ಅಲ್ಲ. ಒಂದು ದೇಶದ ಹುಳದಿಂದ ಇನ್ನೊಂದು ದೇಶದ ಮರವನ್ನು ಕಾಪಾಡಲು ಜಗತ್ತು ಒಂದಾಗಿ ನಿಯಮ ಮಾಡಿತು. ಒಬ್ಬನ ಕಾರ್ಖಾನೆಯ ಕಸದಿಂದ ಇನ್ನೊಬ್ಬನ ಮಗುವನ್ನು ಕಾಪಾಡಲು ಎರಡು ಮಾತು ಬರೆಯಬೇಕೆಂದು ಯಾರಿಗೂ ತೋಚಲಿಲ್ಲವೆಂದರೆ ಅದು ಯೋಚಿಸಬೇಕಾದ ಸಂಗತಿ.

ಇದು ಅತಿಯಾದ ಭಯ ಎಂದು ಕೆಲವರಿಗೆ ಅನಿಸಬಹುದು. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಹಳ್ಳಿಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ಹೊರಬಂತು. ಹಿಂದೆ ಕೀಟನಾಶಕ ತುಂಬಿದ್ದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದರು ಎಂಬ ಶಂಕೆ ಆಗ ವ್ಯಕ್ತವಾಯಿತು. ಪ್ಯಾಲೆಟ್ ಅಷ್ಟು ಅಪಾಯಕಾರಿ ಎಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಹೆಚ್ಚಿನವು ನಿರಪಾಯವಾದ ಒಣ ಕಟ್ಟಿಗೆಯೇ. ಆದರೆ ಡಬ್ಬವಾಗಲಿ ಹಲಗೆಯಾಗಲಿ, ಪಾಠ ಒಂದೇ. ವಸ್ತು ಉಳಿದು ಅದರ ಕಥೆ ಕಳೆದುಹೋದಾಗ ಉಳಿತಾಯವೇ ಉರುಳಾಗಬಹುದು.

ಇಲ್ಲಿ ಪ್ರವಾದಿ ಮುಹಮ್ಮದ್(ಸ)ರ ಜೀವನದ ಒಂದು ಘಟನೆ ನೆನಪಾಗುತ್ತದೆ. ಮದೀನಾದ ಪೇಟೆಯಲ್ಲಿ ಅವರು ಒಂದು ಕಾಳಿನ ರಾಶಿಯೊಳಗೆ ಕೈ ಇಳಿಸಿದರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆ ಬಿದ್ದು ನೆನೆಯಿತು ಎಂದು ಮಾರುವವನು ಸಮಜಾಯಿಷಿ ಕೊಟ್ಟನು. ಹಾಗಿದ್ದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೆ ಎಂಬುದು ಪ್ರವಾದಿಯವರ ಪ್ರಶ್ನೆಯಾಗಿತ್ತು. ಅಮರಗೋಳದ ಮಾರುಕಟ್ಟೆ ಕಂಡ ನಮ್ಮ ರೈತನಿಗೆ ಈ ಘಟನೆಯನ್ನು ಬಿಡಿಸಿ ಹೇಳಬೇಕಿಲ್ಲ. ಗಮನಿಸಿ, ಒದ್ದೆ ಕಾಳನ್ನು ಮಾರಲೇಬಾರದು ಎಂದು ಅಲ್ಲಿ ಹೇಳಿಲ್ಲ. ಒದ್ದೆಯಾದದ್ದು ತಪ್ಪಲ್ಲ, ಮಳೆ ಯಾರ ಕೈಯಲ್ಲೂ ಇಲ್ಲ. ತಪ್ಪಿರುವುದು ಅದನ್ನು ಮರೆಮಾಡುವುದರಲ್ಲಿ. ಕೊರತೆ ಇರುವ ವಸ್ತುವನ್ನೂ ಕೊಡಬಹುದು, ಕೊರತೆಯನ್ನು ಹೇಳಿ ಕೊಡಬೇಕು. ಮರುಬಳಕೆಯ ನೀತಿಗೆ ಇದಕ್ಕಿಂತ ಸರಳವಾದ ತಳಹದಿ ಬೇರೆ ಬೇಕೆ?

ಹಾಗಾದರೆ ಹೇಳಬೇಕಾದವರು ಯಾರು? ಗುಜರಿ ಅಂಗಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಇವು ಯಾವ ಕಂಪನಿವ್ರೀ ಚಾಚಾ, ಮ್ಯಾಲೆ ಏನ್ ಸಾಮಾನ್ ಬಂದಿತ್ತು?” “ಅದೆಲ್ಲ ನಮಗೇನ್ ಗೊತ್ರೀ ಗೌಡ್ರ, ಕಟಗಿ ಗಟ್ಟಿ ಐತಿ, ಒಯ್ರಿ.” ಈ ಉತ್ತರದಲ್ಲಿ ಮೋಸವಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ಗುಜರಿ ವ್ಯಾಪಾರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಡ ಮುಸ್ಲಿಂ ಕುಟುಂಬಗಳ ಅನ್ನದ ದಾರಿ. ಊರಿನ ಕಸವನ್ನು ಆರಿಸಿ, ಬೇರ್ಪಡಿಸಿ, ಮತ್ತೆ ಬಳಕೆಗೆ ತರುವ ಈ ಜನರನ್ನು ಸಮಾಜ ಹಗುರವಾಗಿಯೇ ಕಾಣುತ್ತ ಬಂದಿದೆ. ಬರಿಗೈಯಲ್ಲಿ ಆ ಹಲಗೆಗಳ ಮೊಳೆ ಕೀಳುವವನಿಗೇ ಮೊದಲ ಅಪಾಯ. ಅವನ ಮೇಲೆ ಎಲ್ಲ ಹೊಣೆಯನ್ನು ಹೊರಿಸುವುದು ಅನ್ಯಾಯ. ಗೊತ್ತಿರುವುದು ಸರಕು ಇಳಿಸಿಕೊಂಡ ಕಾರ್ಖಾನೆಗೆ. ಯಾವ ಪ್ಯಾಲೆಟ್ ಔಷಧಿ ಹೊತ್ತಿತ್ತು, ಯಾವುದು ಬರೀ ಕಾಗದ ಹೊತ್ತಿತ್ತು ಎಂಬುದನ್ನು ತಿಳಿದಿರುವ ಕಡೆಯ ಮನುಷ್ಯ ಅಲ್ಲಿಯ ಗೋದಾಮಿನವನು. ತಿಳಿದವನ ಮೇಲೆಯೇ ಹೇಳುವ ಹೊಣೆ. ಬಿಸಾಡುವುದರಿಂದ ವಸ್ತುವಿನ ಮೇಲಿನ ಒಡೆತನ ಹೋಗಬಹುದು, ತಿಳಿದದ್ದನ್ನು ತಿಳಿಸುವ ಹೊಣೆ ಹೋಗುವುದಿಲ್ಲ.

ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಭಾರತದಲ್ಲಿ ಕೀಟನಾಶಕದ ಡಬ್ಬಗಳ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿರುತ್ತವೆ. ಓದಲು ಬಾರದವರಿಗೂ ಕೆಂಪು ಎಂದರೆ ಅತಿ ವಿಷ ಎಂದು ತಿಳಿಯಲಿ ಎಂಬುದು ಅದರ ಉದ್ದೇಶ. ವಿಷ, ಆಸಿಡ್ ಹೊತ್ತ ಪ್ಯಾಲೆಟ್ಟಿನ ಮೇಲೆ ಕೆಂಪು ಬಣ್ಣದ ಒಂದು ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ತೀರ ಕೆಟ್ಟಿದ್ದನ್ನು ಮಾರದೆ ಬೇರೆ ಇಡಲು ಎಷ್ಟು ನಷ್ಟವಾದೀತು?

ಎತ್ತಿಕೊಳ್ಳುವವನಿಗೂ ಹೊಣೆಯಿದೆ. ಬಿದ್ದಿದ್ದೆಲ್ಲ ಬಿಸಾಡಿದ್ದಲ್ಲ. ಕೆಲವು ಪ್ಯಾಲೆಟ್‌ಗಳು ಬಾಡಿಗೆಯವು. ಬಣ್ಣ ಬಳಿದು ಒಡೆಯರ ಹೆಸರು ಬರೆದಿರುತ್ತದೆ. ಅವು ಊರೂರು ತಿರುಗಿ ಮರಳಿ ಒಡೆಯರನ್ನೇ ಸೇರಬೇಕಾದವು. ಲಾರಿ ನಿಲ್ದಾಣದ ಮೂಲೆಯಲ್ಲಿ ಬಿದ್ದಿದೆ ಎಂದು ಹೊತ್ತು ತಂದರೆ ಅದಕ್ಕೆ ಮರುಬಳಕೆ ಎಂಬ ಒಳ್ಳೆಯ ಹೆಸರು ಸಲ್ಲದು. ಇನ್ನೊಬ್ಬರ ಅಮಾನತ್ತು ಬಯಲಲ್ಲಿ ಬಿದ್ದಿದ್ದರೂ ಅಮಾನತ್ತೇ.

ಬಡವನಿಗೆ ಇಷ್ಟೆಲ್ಲ ವಿಚಾರಿಸಲು ಪುರಸೊತ್ತಿದೆಯೆ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ನಗರದ ಹೋಟೆಲುಗಳಲ್ಲಿ ಪ್ಯಾಲೆಟ್ಟಿನ ಸೋಫಾ ಇಂದು ಒಂದು ಶೋಕಿ. ಅಲ್ಲಿ ಹಲಗೆಯನ್ನು ಆರಿಸಿ, ಉಜ್ಜಿ, ಬಣ್ಣ ಹಚ್ಚಿ ಕೂಡಿಸುತ್ತಾರೆ. ಹಳ್ಳಿಯಲ್ಲಿ ಅದೇ ಹಲಗೆ ಅನಿವಾರ್ಯ, ಸಿಕ್ಕಿದ್ದನ್ನು ಸಿಕ್ಕಂತೆ ಬಳಸಬೇಕು. ಬಡವನ ಮಿತವ್ಯಯವನ್ನು ಹೊಗಳುವ ನಾವು ಅದರ ಅಪಾಯವನ್ನೂ ಅವನ ಪಾಲಿಗೇ ಬಿಡುತ್ತೇವೆ. ಹಾಗೆಂದು ಅವನ ಮಗುವಿನ ಉಸಿರು ಅಗ್ಗವೆ? ಬಡತನ ಹೆಚ್ಚಿದಷ್ಟೂ ಹೇಳುವವನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆ ಹೊಣೆ ಈಡೇರುವ ತನಕ ರೈತ ತನ್ನ ಕೈಲಾದ ವಿವೇಕ ಬಳಸಬೇಕು. ಕಲೆ ಹಿಡಿದ, ಎಣ್ಣೆ ಕುಡಿದ, ಘಾಟು ಬರುವ ಹಲಗೆಯನ್ನು ಮನೆಯೊಳಗೆ ತರಬಾರದು. ಎಚ್‌ಟಿ ಮುದ್ರೆಯ ಸ್ವಚ್ಛ ಹಲಗೆ ಚೀಲದ ಕೆಳಗೆ ನಡೆದೀತು. ಆದರೆ ಕಾಯಿಸಿದ ಕಟ್ಟಿಗೆಗೂ ಗೆದ್ದಲು ಹತ್ತುತ್ತದೆ ಎಂಬುದನ್ನು ಮರೆಯಬಾರದು. ಎಂಬಿ ಮುದ್ರೆಯದು, ಮೂಲ ತಿಳಿಯದ್ದು ಬೇಲಿಗೆ, ಹಿತ್ತಲ ಬಾಗಿಲಿಗೆ ಇರಲಿ. ಗೋದಲಿಗೂ ಕಣಕಿಯ ಬಣವಿಯ ಬುಡಕ್ಕೂ ಅವು ಬೇಡ. ದನದ ಹೊಟ್ಟೆ ಸೇರಿದ್ದು ಹಾಲಾಗಿ ನಮ್ಮ ಮನೆಗೇ ಬರುತ್ತದೆ. ಬಣ್ಣ ಹಚ್ಚಿದ್ದನ್ನು, ಗುರುತು ಗೊತ್ತಿಲ್ಲದ್ದನ್ನು ಒಲೆಗೆ ಹಾಕಬಾರದು. ಆ ಹೊಗೆಯನ್ನು ಮೊದಲು ಕುಡಿಯುವವಳು ಅಡುಗೆ ಮಾಡುವ ತಾಯಿ.

ವಸ್ತುವನ್ನು ಉಳಿಸುವುದು ಪುಣ್ಯದ ಕೆಲಸವೇ. ಆದರೆ ಸತ್ಯವನ್ನು ಬಿಟ್ಟು ವಸ್ತುವನ್ನಷ್ಟೇ ಉಳಿಸಿದರೆ ಆ ಪುಣ್ಯ ಅರ್ಧವೇ. ನಮ್ಮ ಮನೆಯಿಂದ ಹೊರಹೋಗುವ ಹಳೆಯ ಡಬ್ಬ, ಹಳೆಯ ಫ್ರಿಜ್, ಓಡಿಸಿ ದಣಿದ ಮೋಟಾರು, ಕೆಲಸದವಳಿಗೆ ಕೊಡುವ ಉಳಿದ ಔಷಧಿ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಕೊಡುವ ಕೈ ಒಂದು ಮಾತನ್ನೂ ಕೂಡಿಸಿ ಕೊಡಲಿ: ಇದು ಏನಾಗಿತ್ತು, ಇದರಲ್ಲಿ ಏನಿತ್ತು, ಇದನ್ನು ಯಾವುದಕ್ಕೆ ಬಳಸಬಾರದು. ಆ ಮಾತಿಗೆ ದುಡ್ಡು ಬೀಳುವುದಿಲ್ಲ. ಅದು ಕೂಡಿ ಬಂದಾಗಲೇ ಕಸ ರಸವಾಗುತ್ತದೆ.