ತಿಳಿಯುವುದಕ್ಕಾಗಿ ಬರೆಯುವುದು: ಯಶವಂತ ಚಿತ್ತಾಲರ ಕಥನ ವಿಚಾರ

ಯಶವಂತ ಚಿತ್ತಾಲರ (1928–2014) ಕಾದಂಬರಿಗಳನ್ನು ಮೆಚ್ಚಿದವರೆಲ್ಲ ಬರವಣಿಗೆಯ ಬಗೆಗಿನ ಅವರ ಪ್ರಬಂಧಗಳತ್ತ ಹೊರಳಿದ್ದಾರೆಂದು ಹೇಳಲಾಗದು. ಉತ್ತರ ಕನ್ನಡ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿಯೂ ಅಮೆರಿಕದ ನ್ಯೂಜೆರ್ಸಿಯಲ್ಲಿಯೂ ವ್ಯಾಸಂಗ ಮಾಡಿ, ಮುಂಬಯಿಯಲ್ಲೇ ನೆಲೆಸಿದ ಅವರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು. ಅಂದರೆ ಚಿಕ್ಕ ಅಣುಗಳು ಕೊಂಡಿಗೆ ಕೊಂಡಿ ಬೆಸೆದು ಉದ್ದನೆಯ ಸರಪಳಿಯಾದಾಗ ಉಂಟಾಗುವ ಪ್ಲಾಸ್ಟಿಕ್, ರಾಳಗಳಂಥ ವಸ್ತುಗಳನ್ನು ಬಲ್ಲವರು. ಹೀಗೆ ವಿಜ್ಞಾನದ ಒಳಗೇ ಇದ್ದವರು, ಸಾಹಿತ್ಯವು ವಿಜ್ಞಾನಕ್ಕಾಗಲಿ ತತ್ತ್ವಶಾಸ್ತ್ರಕ್ಕಾಗಲಿ ಅಡಿಯಾಳಲ್ಲದ, ತನ್ನದೇ ಆದ ಜ್ಞಾನಮಾರ್ಗವೆಂದು ನಂಬಿದ್ದರೆಂಬುದು ಅವರ ಚಿಂತನೆಗೆ ವಿಶೇಷ ತೂಕವನ್ನು ಕೊಡುತ್ತದೆ.

ಅವರ ಪ್ರಬಂಧ ಸಂಕಲನವೊಂದರ ಹೆಸರು ‘ಸಾಹಿತ್ಯದ ಸಪ್ತಧಾತುಗಳು’. ಆಯುರ್ವೇದದಲ್ಲಿ ಧಾತುವೆಂದರೆ ದೇಹವನ್ನು ಧರಿಸಿ ನಿಲ್ಲಿಸುವ ಅಂಶ. ಉಂಡ ಅನ್ನವು ಮೊದಲು ರಸವಾಗಿ, ಆ ರಸ ರಕ್ತವಾಗಿ, ರಕ್ತ ಮಾಂಸವಾಗಿ, ಬಳಿಕ ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರಗಳಾಗಿ ಕ್ರಮದಿಂದ ಪಕ್ವಗೊಳ್ಳುತ್ತದೆಂಬುದು ಆ ಶಾಸ್ತ್ರದ ತಿಳಿವಳಿಕೆ. ಈ ರೂಪಕವನ್ನು ಹಿಡಿದು ನಡೆದರೆ, ಕಂಡದ್ದು ಕೇಳಿದ್ದು ಇದ್ದ ಹಾಗೆಯೇ ಕೃತಿಯಾಗುವುದಿಲ್ಲ, ಅದು ಹಲವು ಪಾಕಗಳನ್ನು ದಾಟಬೇಕಾಗುತ್ತದೆ ಎಂಬ ಮಾತು ಹೊರಡುತ್ತದೆ. ಚಿತ್ತಾಲರ ದೃಷ್ಟಿಯಲ್ಲಿ ಬರವಣಿಗೆಯೆಂಬುದು ಶೋಧ. ಬರೆಯುವವನಿಗೆ ಮೊದಲೇ ಗೊತ್ತಿದ್ದುದನ್ನು ಚಂದವಾಗಿ ಹೇಳುವ ಕಸುಬಿಗಿಂತ ಅದು ಭಿನ್ನ, ಏಕೆಂದರೆ ಅಲ್ಲಿ ತಿಳಿವು ಮಾತಿನೊಡನೆಯೇ, ಕೆಲವೊಮ್ಮೆ ಮಾತಿನ ತಡವರಿಕೆಯಲ್ಲಿಯೇ, ಹುಟ್ಟುತ್ತದೆ.

ಈ ನಿಲುವನ್ನು ಅವರ ಕಾದಂಬರಿಗಳಲ್ಲೇ ಪರೀಕ್ಷಿಸಿ ನೋಡಬಹುದು. 1979ರ ‘ಶಿಕಾರಿ’ಯಲ್ಲಿ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ ನಾಗಪ್ಪ ಕೆಲಸದಿಂದ ಅಮಾನತುಗೊಳ್ಳುತ್ತಾನೆ, ತನ್ನ ಮೇಲಿನ ಆರೋಪವೇನು, ಬೇಟೆಗಾರರು ಯಾರು ಎಂಬುದು ಸ್ಪಷ್ಟವಾಗದೆ, ಅದನ್ನು ಹುಡುಕುತ್ತ ಹುಡುಕುತ್ತ ತನ್ನ ಬಾಲ್ಯದ ಕತ್ತಲೆಯನ್ನೇ ಕೆದಕಿಕೊಳ್ಳುತ್ತಾನೆ. ಕಾಫ್ಕಾನ ‘ದಿ ಟ್ರಯಲ್’ ಇಲ್ಲಿ ನೆನಪಾಗುವುದು ಸಹಜವೇ, ಆದರೆ ಹೋಲಿಕೆಯನ್ನು ಬಹಳ ಎಳೆದರೆ ಮುಂಬಯಿಯ ಆಫೀಸು, ಅಲ್ಲಿನ ಕುತಂತ್ರ, ಊರ ಕಡೆಯ ನಂಟುಗಳು ಎಲ್ಲವೂ ಮಸುಕಾಗುತ್ತವೆ. ಹೆಚ್ಚು ಮುಖ್ಯವಾದುದು ಓದುಗನ ಸ್ಥಿತಿ: ನಾಗಪ್ಪನಿಗೆ ತಿಳಿದಷ್ಟೇ ಓದುಗನಿಗೂ ತಿಳಿಯುವುದರಿಂದ, ಆತನೂ ಸಂಶಯಪಡುತ್ತ, ಊಹಿಸುತ್ತ, ಊಹೆಯನ್ನು ತಿದ್ದಿಕೊಳ್ಳುತ್ತ ಪುಟ ತಿರುವಬೇಕಾಗುತ್ತದೆ. ಆರಾಮಾಗಿ ಒರಗಿಕೊಂಡು ಓದಬಯಸುವವರಿಗೆ ಈ ಕಾದಂಬರಿ ಅಷ್ಟೇನೂ ಒಗ್ಗದು.

ಹನೇಹಳ್ಳಿಯೂ ಅವರಿಗೆ ಇಂಥದೇ ಶೋಧದ ನೆಲ. ಮುಂಬಯಿಯ ಬಾಂದ್ರಾದ ಕಡಲಂಚಿನಲ್ಲಿ ಕುಳಿತು ಅವರು ಮತ್ತೆ ಮತ್ತೆ ಕಥೆಗೆ ಕರೆತಂದ ಆ ಹಳ್ಳಿ, ದೂರ ಹೋದವರು ಹಬ್ಬದ ದಿನ ನೆನೆದು ಹನಿಗಣ್ಣಾಗುವ ತವರಿನಂತಿಲ್ಲ. ಅಲ್ಲಿ ಗುಟ್ಟುಗಳಿವೆ, ಭಯವಿದೆ, ಪಿಸುಮಾತಿನಲ್ಲೇ ಒಬ್ಬರ ಬಾಳನ್ನು ಕೆಡಿಸಬಲ್ಲ ಕ್ರೌರ್ಯವಿದೆ. ಊರಿನಿಂದ ದೂರವಾದದ್ದು ಅವರ ಪಾಲಿಗೆ ನಷ್ಟವೆನ್ನುವುದಕ್ಕಿಂತ, ಊರನ್ನು ಹೊಸದಾಗಿ ತಿಳಿಯಲು ದೊರೆತ ಅಂತರವೆನ್ನುವುದು ಸರಿಯಾದೀತು.

1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ ಕಥಾಸಂಕಲನದ ಹೆಸರನ್ನೂ ಬರವಣಿಗೆ ಶೋಧವೆಂಬ ನಿಲುವಿನ ಬೆಳಕಿನಲ್ಲಿ, ವ್ಯಾಕರಣದ ಕಣ್ಣಿನಿಂದ ಗಮನಿಸಬಹುದು. ‘ಕತೆಯಾದಳು ಹುಡುಗಿ’ ಎಂಬಲ್ಲಿ ಕ್ರಿಯಾಪದ ಮೊದಲು ಬಂದು ಕರ್ತೃಪದ ಹಿಂದೆ ನಿಂತಿದೆ. ಹುಡುಗಿಯನ್ನು ಯಾರೋ ಕತೆ ಮಾಡಿದರೆಂದು ಅದು ಹೇಳುವುದಿಲ್ಲ, ಅವಳೇ ಕತೆಯಾದಳೆನ್ನುತ್ತದೆ, ಮತ್ತು ಬರೆದವನಿಗೆ ಆ ವಾಕ್ಯದಲ್ಲಿ ಎಲ್ಲಿಯೂ ಜಾಗವಿಲ್ಲ.