ಪೇಟೆಯ ಆಪ್ತವಾಕ್ಯ

ಒಬ್ಬರ ಮಾತನ್ನು ನಂಬಿ ಇನ್ನೊಬ್ಬರು ಹಣ ತೊಡಗಿಸಿದಾಗ, ಮಾತನಾಡಿದವರ ಹೊಣೆ ಎಷ್ಟು? ಸುಳ್ಳು ಹೇಳಿದವರನ್ನು ಹಿಡಿದು ಕೇಳಲು ಕಾನೂನುಂಟು. ಆದರೆ ಸುಳ್ಳನ್ನೂ ಹೇಳದೆ, ನಿಜವನ್ನೂ ಹೇಳದೆ, ಕೇಳುವವನಿಗೆ ಏನೋ ತಿಳಿಯಿತೆಂಬ ಭ್ರಮೆಯನ್ನಷ್ಟೇ ಹುಟ್ಟಿಸಿ ಎದ್ದುಹೋಗುವವರನ್ನು ಏನೆನ್ನಬೇಕು? ಇದು ನೀತಿಯ ಪ್ರಶ್ನೆ. ಷೇರು ಪೇಟೆಯ ಸುದ್ದಿಯನ್ನು ಕುರಿತು ಅಲ್ಲಿ ವ್ಯವಹಾರ ಮಾಡುವವರು ತೋಡಿಕೊಳ್ಳುವ ಬೇಸರವನ್ನು ಕೇಳಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ನಾನು ಕನ್ನಡ ಪಾಠ ಹೇಳಿಕೊಂಡಿರುವವನು. ಷೇರಿನ ವ್ಯವಹಾರ ನನ್ನ ಅಳವಿಗೆ ಮೀರಿದ್ದು. ಆದರೆ ಬಟ್ಟೆ ಅಂಗಡಿ ಇಟ್ಟಿರುವ ಮಿತ್ರರೊಬ್ಬರು ಬಹಳ ವರ್ಷಗಳಿಂದ ಅದರಲ್ಲಿ ಕೈಯಾಡಿಸುತ್ತ ಬಂದಿದ್ದಾರೆ. ಅವರ ಗಲ್ಲಾಪೆಟ್ಟಿಗೆಯ ಮೇಲುಗಡೆ ಒಂದು ಟಿ.ವಿ. ಉಂಟು. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಪೇಟೆ ತೆರೆದದ್ದು ಮೊದಲ್ಗೊಂಡು ಮಧ್ಯಾಹ್ನ ಮೂರೂವರೆಗೆ ಮುಚ್ಚುವ ತನಕ ಅದು ಮಾತನಾಡುತ್ತಲೇ ಇರುತ್ತದೆ. ಒಮ್ಮೆ ಅವರು ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡಿದ್ದ ಕೆಲವು ಮಾತುಗಳನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ನೀವು ಹಳಗನ್ನಡಕ್ಕೆ ಅರ್ಥ ಹೇಳುವವರು. ಇದಕ್ಕೂ ಒಂದಿಷ್ಟು ಹೇಳಿ ನೋಡೋಣ” ಎಂದರು. ಅದರಲ್ಲಿದ್ದದ್ದು ಇಷ್ಟು: ಪೇಟೆಯ ಮನೋಭಾವ ಚೆನ್ನಾಗಿದೆ, ಆದರೂ ಎಚ್ಚರ ಬೇಕು, ಸಪೋರ್ಟ್ ಉಳಿದರೆ ಮೇಲಕ್ಕೆ ಅವಕಾಶವಿದೆ, ಮುರಿದರೆ ಒತ್ತಡ ಕಾಣಬಹುದು. ಬೆಲೆ ಇದಕ್ಕಿಂತ ಕೆಳಗೆ ಬೀಳಲಾರದೆಂದು ಲೆಕ್ಕ ಹಾಕಿದ ಮಟ್ಟಕ್ಕೆ ಸಪೋರ್ಟ್ ಎಂದು ಹೆಸರೆಂಬುದನ್ನು ಅವರೇ ತಿಳಿಸಿದರು. ನಾನು ಪದಚ್ಛೇದ ಮಾಡಿ, ಅನ್ವಯ ಮಾಡಿ, “ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂದು ತಾತ್ಪರ್ಯ” ಎಂದೆ. ಅವರು ನಗಲಿಲ್ಲ.

ಹಾಗೆಂದು ಪರಿಭಾಷೆಯನ್ನೆಲ್ಲ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಪ್ರತಿಯೊಂದು ಕಸುಬಿಗೂ ಅದರದೇ ಮಾತಿದೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎನ್ನುತ್ತಾರೆ. ಶಿರಸಿಯಲ್ಲಿ ಚಾಲಿ, ಬಿಳಿಗೋಟು ಎನ್ನುತ್ತಾರೆ. ಹೊರಗಿನವನಿಗೆ ಇವೂ ಒಗಟೇ. ಆದರೆ ಆ ಮಾತಿನ ಹಿಂದೆ ಒಂದು ಅಡಿಕೆಯಿದೆ. ಮೂಟೆಗೆ ಕೈಹಾಕಿ ಹಿಡಿ ತುಂಬ ತೆಗೆದು, ಇದು ರಾಶಿಯೋ ಗೊರಬಲೋ ನೋಡಿಕೊಳ್ಳಬಹುದು. ಮಾರುವವನು ತಪ್ಪು ಹೇಳಿದರೆ ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಷೇರು ಪೇಟೆಯ ಭಾಷೆಯಲ್ಲಿಯೂ ಇಂಥ ಪದಗಳಿವೆ. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು 25 ಬೇಸಿಸ್ ಪಾಯಿಂಟ್ ಇಳಿಸಿತೆಂದು ಸುದ್ದಿ ಬಂತು. ಶೇಕಡಾ ಒಂದರ ನೂರರಲ್ಲೊಂದು ಪಾಲು ಒಂದು ಬೇಸಿಸ್ ಪಾಯಿಂಟ್. ಎಂದರೆ ಬಡ್ಡಿ 6.50ರಿಂದ 6.25ಕ್ಕೆ ಇಳಿಯಿತು. ನಮ್ಮ ಮಗ್ಗಿಯ ಭಾಷೆಯಲ್ಲಿ ಕಾಲು ಪರ್ಸೆಂಟು. ಬ್ಯಾಂಕು ಅದನ್ನು ಪೂರ್ತಿಯಾಗಿ ಸಾಲಗಾರನಿಗೆ ದಾಟಿಸಿದರೆ, 30 ಲಕ್ಷದ ಮನೆ ಸಾಲ ಉಳ್ಳವನಿಗೆ ವರ್ಷಕ್ಕೆ ಸುಮಾರು 7,500 ರೂಪಾಯಿ ಬಡ್ಡಿ ಉಳಿಯುತ್ತದೆ. ಪದ ಕಠಿನವಾಗಿರಬಹುದು, ಅರ್ಥ ಖಚಿತವಾಗಿದೆ. ಬಿಡಿಸಿ ಹೇಳುವ ಸೌಜನ್ಯವಿದ್ದರೆ ಸಾಕು.

ತೊಂದರೆ ಇರುವುದು ಬಿಡಿಸಿದರೂ ಒಳಗೆ ಏನೂ ಸಿಕ್ಕದ ಮಾತುಗಳಲ್ಲಿ. “ಮಾರುವವರು ಹೆಚ್ಚಿದ್ದರಿಂದ ಸೂಚ್ಯಂಕ ಕುಸಿಯಿತು” ಎಂದು ಸಂಜೆ ಹೇಳುತ್ತಾರೆ. ಕೊಳ್ಳುವವನಿಲ್ಲದೆ ಮಾರಾಟ ಆಗುವುದೆಂತು? ಅಂದು ಮಾರಿಹೋದ ಒಂದೊಂದು ಷೇರನ್ನೂ ಯಾರೋ ಒಬ್ಬರು ಕೊಂಡೇ ಇದ್ದಾರೆ. ಮಾರುವವರು ಕಡಿಮೆ ಬೆಲೆಗೆ ಒಪ್ಪಿದರೆಂಬುದು ನಿಜ. ಆದರೆ ಬೆಲೆ ಇಳಿಯಿತೆಂಬುದನ್ನೇ ಇನ್ನೊಂದು ಬಗೆಯಲ್ಲಿ ಹೇಳಿದಂತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ಅಂದು ಅಮೆರಿಕದಿಂದ ಒಂದು ಸುದ್ದಿ ಬಂದಿದ್ದರೆ ಅದೇ ಕಾರಣವಾಗುತ್ತದೆ. ಅದೇ ಸುದ್ದಿ ಬಂದೂ ಪೇಟೆ ಏರಿದರೆ, “ಸುದ್ದಿಯನ್ನು ಲೆಕ್ಕಿಸದೆ ಗೂಳಿ ಓಡಿತು” ಎನ್ನುತ್ತಾರೆ. ನಮ್ಮ ಹಿರಿಯರು ಇದಕ್ಕೆ ಕಾಕತಾಳೀಯವೆಂದು ಹೆಸರಿಟ್ಟಿದ್ದರು. ಕಾಗೆ ಬಂದು ಕೂತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯೇ ಬೀಳಿಸಿತೆಂದು ದಿನವೂ ಸಂಜೆ ಸಾರುವುದು ಒಂದು ಉದ್ಯೋಗವಾದೀತೆಂದು ಅವರು ಎಣಿಸಿರಲಾರರು.

2024ರ ಜೂನ್ ತಿಂಗಳ ಮೊದಲ ವಾರವನ್ನು ನೆನೆಯಿರಿ. ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಶನಿವಾರ, 1ನೆಯ ತಾರೀಕು ಸಂಜೆ ಹೊರಬಿದ್ದವು. ಸೋಮವಾರ ಸೆನ್ಸೆಕ್ಸ್ 2,500 ಅಂಶಗಳಷ್ಟು ಏರಿತು. ಮಂಗಳವಾರ ನಿಜವಾದ ಫಲಿತಾಂಶ ಬಂತು. ಸುಮಾರು 4,390 ಅಂಶ ಬಿದ್ದಿತು. ಬುಧವಾರ ಮತ್ತೆ 2,300ರಷ್ಟು ಎದ್ದಿತು. ಮೂರು ದಿನವೂ ವಿವರಣೆಗೆ ಕೊರತೆಯಿರಲಿಲ್ಲ. ಸೋಮವಾರ ಉತ್ಸಾಹಕ್ಕೆ ಕಾರಣ ಹೇಳಿದವರೇ ಮಂಗಳವಾರ ಭೀತಿಗೂ ಕಾರಣ ಹೇಳಿದರು. ನಡುವೆ “ನಿನ್ನೆ ನಾವು ಹೇಳಿದ್ದು ತಪ್ಪಾಯಿತು” ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಬಟ್ಟೆ ಅಂಗಡಿಯ ನನ್ನ ಮಿತ್ರರು ಸೋಮವಾರ ಕೊಂಡು ಮಂಗಳವಾರ ಹೆದರಿ ಮಾರಿದವರು. ಹೋದದ್ದು ಮಗಳ ಓದಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲು. “ನಷ್ಟವಾದದ್ದಕ್ಕೆ ನನಗೆ ದುಃಖವಿಲ್ಲ ಮೇಷ್ಟ್ರೇ, ವ್ಯಾಪಾರದಲ್ಲಿ ನಷ್ಟ ಕಂಡವನೇ ನಾನು. ಆದರೆ ನನ್ನ ಅಂಗಡಿಯ ಅಳತೆ ಕೋಲಿಗೆ ಸರ್ಕಾರದ ಮುದ್ರೆ ಬೇಕು. ಇವರ ಮಾತಿಗೆ ಯಾವ ಮುದ್ರೆಯೂ ಬೇಡವೆ?” ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಕುತ್ತ ಹೋದಾಗ ನೆನಪಾದದ್ದು ನ್ಯಾಯಶಾಸ್ತ್ರ. ಆಪ್ತನ ಮಾತು ಪ್ರಮಾಣವೆಂದು ನೈಯಾಯಿಕರು ಒಪ್ಪುತ್ತಾರೆ. ಆಪ್ತನೆಂದರೆ ಯಾರು? ವಿಷಯವನ್ನು ತಾನೇ ಚೆನ್ನಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ವಾತ್ಸ್ಯಾಯನನ ಭಾಷ್ಯ. ಅವನು ಋಷಿಯಾಗಬೇಕಾಗಿಲ್ಲ, ಮ್ಲೇಚ್ಛನಾದರೂ ಆದೀತು ಎಂದೂ ಭಾಷ್ಯಕಾರ ಸೇರಿಸುತ್ತಾನೆ. ಹುದ್ದೆ, ಉಡುಪು, ನಿರರ್ಗಳವಾದ ಇಂಗ್ಲಿಷು ಯಾವುದೂ ಲಕ್ಷಣದಲ್ಲಿ ಸೇರಿಲ್ಲ. ಅರಿವು, ತಿಳಿಸುವ ಪ್ರಾಮಾಣಿಕ ಇಚ್ಛೆ, ಈ ಎರಡೇ ಸೇರಿವೆ. ನಾಳಿನ ಬೆಲೆಯನ್ನು ಅರಿತವರು ಯಾರೂ ಇಲ್ಲವಾದ್ದರಿಂದ ಮೊದಲನೆಯ ಲಕ್ಷಣ ಇಲ್ಲಿ ಯಾರಿಗೂ ಪೂರ್ತಿಯಾಗಿ ಹೊಂದದು. ಎರಡನೆಯದು? 2024ರ ಫೆಬ್ರುವರಿಯಲ್ಲಿ ಪೇಟೆಯ ನಿಯಂತ್ರಕವಾದ ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸಿತು. ಒಂದು ವಾಣಿಜ್ಯ ವಾಹಿನಿಗೆ ಅತಿಥಿಗಳಾಗಿ ಬರುತ್ತಿದ್ದ ಕೆಲವು ತಜ್ಞರು ತಾವು ಯಾವ ಷೇರನ್ನು ಶಿಫಾರಸು ಮಾಡಲಿರುವರೆಂಬುದನ್ನು ಕೆಲವರಿಗೆ ಮುಂಚೆಯೇ ತಿಳಿಸುತ್ತಿದ್ದರೆಂದೂ, ಹಾಗೆ ತಿಳಿದವರು ಮೊದಲೇ ವ್ಯವಹಾರ ಹೂಡಿ, ಪ್ರಸಾರವಾದ ಮೇಲೆ ಅದನ್ನು ಚುಕ್ತಾ ಮಾಡಿ ಲಾಭ ಹಂಚಿಕೊಂಡರೆಂದೂ ಅದರಲ್ಲಿದ್ದ ಆರೋಪ. ಎಲ್ಲರೂ ಹೀಗೆಂದು ಹೇಳುವುದು ಅನ್ಯಾಯವಾದೀತು. ಆದರೂ ಮಾತಿನಲ್ಲಿ ಆಡುವವನ ಸ್ವಾರ್ಥ ಅಡಗಿರಬಹುದೆಂದಾದ ಮೇಲೆ, ಕೇಳುವವನು ಅದನ್ನು ಆಪ್ತವಾಕ್ಯವೆಂದು ನಂಬುವುದು ಹೇಗೆ?

ಸುದ್ದಿಯವರ ಪಕ್ಷದಲ್ಲಿಯೂ ಹೇಳಬೇಕಾದದ್ದಿದೆ. ದಿನಕ್ಕೆ ಆರೂಕಾಲು ಗಂಟೆ ಪೇಟೆ ತೆರೆದಿರುತ್ತದೆ. ಹೇಳತಕ್ಕ ಸಂಗತಿ ಅಷ್ಟು ಹೊತ್ತಿಗೆ ಸಾಲುವಷ್ಟು ಎಂದೂ ಇರುವುದಿಲ್ಲ. “ನಮಗೆ ತಿಳಿಯದು” ಎಂದು ಒಬ್ಬರು ಹೇಳಿದರೆ ನೋಡುವವನು ಬೇರೆ ವಾಹಿನಿಗೆ ತಿರುಗುತ್ತಾನೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ಇಷ್ಟೆಲ್ಲವನ್ನೂ ಟಿ.ವಿ.ಯ ತಲೆಗೆ ಕಟ್ಟಲಾಗದು. ಉಳಿದ 7 ಮಂದಿಯಲ್ಲಿ ತಾನೊಬ್ಬನೆಂಬ ಆಸೆ ಕೇಳುವವನ ಎದೆಯಲ್ಲಿಯೇ ಇತ್ತು. ಅರ್ಥವಾಗದ ಮಾತಿಗೆ ತಲೆದೂಗುವುದರಲ್ಲಿ ಒಂದು ಸುಖವುಂಟು. ಅರ್ಥವಾಗದಷ್ಟು ದೊಡ್ಡ ಮಾತು ನಿಜವೇ ಇರಬೇಕೆಂದು ನಾವು ಎಣಿಸುತ್ತೇವೆ.

ಆದರೂ ಇಬ್ಬರ ಹೊಣೆ ಸಮವಲ್ಲ. ಕೇಳಿದವನು ತನ್ನ ಆಸೆಗೆ ಹಣದಿಂದ ಬೆಲೆ ತೆರುತ್ತಾನೆ. ಹೇಳಿದವನು ತನ್ನ ಮಾತಿಗೆ ಏನನ್ನೂ ತೆರುವುದಿಲ್ಲ. ತಪ್ಪಾಗಲು ಎಡೆಯೇ ಇಲ್ಲದಂತೆ ಕಟ್ಟಿದ ಮಾತು ಆಡುವವನಿಗೆ ಕ್ಷೇಮ, ನಂಬಿದವನಿಗೆ ಅಪಾಯ. ಮಿತ್ರರು ಕೇಳಿದ ಮುದ್ರೆ ಇದೇ ಇರಬೇಕು: ಮಾತು ತಪ್ಪಾದರೆ ತಪ್ಪಾಯಿತೆಂದು ತೋರಿಸಲು ಬರುವಂತಿರಬೇಕು, ತೋರಿಸಿದಾಗ ಆಡಿದವನು ಒಪ್ಪಿಕೊಳ್ಳಬೇಕು. ಅದು ಇಲ್ಲದ ಕಡೆ ನಾವೇ ಒಂದು ಪ್ರಶ್ನೆಯನ್ನು ಅಭ್ಯಾಸ ಮಾಡಿಕೊಳ್ಳುವುದು ಮೇಲು. ಈ ವಾಕ್ಯ ಸುಳ್ಳಾಗಬೇಕಾದರೆ ನಾಳೆ ಏನು ನಡೆಯಬೇಕು? ಏನು ನಡೆದರೂ ಸುಳ್ಳಾಗದೆಂದು ಕಂಡುಬಂದರೆ, ಅದರಲ್ಲಿ ಸಲಹೆ ಇರಲಿಲ್ಲವೆಂದು ತಿಳಿದು ಹಣವನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಬಹುದು. “ನಾಳೆಯದು ನನಗೆ ತಿಳಿಯದು” ಎಂದು ಕ್ಯಾಮೆರಾದ ಮುಂದೆ ಹೇಳಬಲ್ಲವರು ಯಾರಾದರೂ ಸಿಕ್ಕಿದರೆ, ಉಳಿದ ವಿಷಯಗಳಲ್ಲಿ ಅವರ ಮಾತಿಗೆ ಕಿವಿಗೊಡಬಹುದು.