ಮೂಲ: ಗೂಗಲ್

ಹೈಸ್ಕೂಲು ಮಕ್ಕಳ ಪ್ರಾಜೆಕ್ಟ್ ವರದಿಗಳ ಕೊನೆಯ ಪುಟದಲ್ಲಿ ‘ಮೂಲ: ಗೂಗಲ್’ ಎಂಬ ಸಾಲು ಮಾಮೂಲು. ಯಾವ ಊರಿನವರು ಎಂದರೆ ಬಸ್‌ಸ್ಟ್ಯಾಂಡಿನವರು ಎಂದ ಹಾಗೆ! ಜಾಲದ ಬರಹಗಳನ್ನು ಉಲ್ಲೇಖಿಸುವುದನ್ನು ಕಲಿಸಲು ಇವರ ಕೈಗೆ ಯಾವ ಕೈಪಿಡಿ ಕೊಡಬೇಕು?

ಅಮೆರಿಕದ ಎಂಎಲ್‌ಎ ಶೈಲಿಯನ್ನು ವಿವರಿಸುವ ಪರ್ಡ್ಯೂ ವಿಶ್ವವಿದ್ಯಾಲಯದ ಮಾರ್ಗದರ್ಶಿ ಉಚಿತವಾಗಿ ಸಿಗುತ್ತದೆ. ಒಳ್ಳೆಯದೇ. ಆದರೆ ಈ ನಿಯಮಗಳೇನೂ ಶಿಲಾಶಾಸನವಲ್ಲ. ಜಾಲವಿಳಾಸ ಕಡ್ಡಾಯವಲ್ಲ ಎಂದು 2009ರಲ್ಲಿ ಹೇಳಿದ ಎಂಎಲ್‌ಎ, 2016ರಲ್ಲಿ ಮತ್ತೆ ಕೊಡಿ ಎಂದಿತು. ಅಲ್ಪವಿರಾಮ ತಪ್ಪಿದ್ದಕ್ಕೆ ಅಂಕ ಕಳೆಯುವ ಮೇಷ್ಟರು ಇದನ್ನು ಗಮನಿಸಬೇಕು. ಸರ್‌ನೇಮ್ ಮೊದಲು ಬರೆಯಿರಿ ಎನ್ನುತ್ತದೆ ಅದೇ ಶೈಲಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ತಾನು. ಕುವೆಂಪು ಅವರ ಸರ್‌ನೇಮ್ ಯಾವುದು?

ನಾವು ಉಲ್ಲೇಖವನ್ನು ಕಲಿಸುವುದೇ ಕಳ್ಳತನದ ಭಯ ತೋರಿಸಿ. ಆಗ ಮಗು ಕಲಿಯುವುದು ಸಿಕ್ಕಿಬೀಳದಿರುವುದನ್ನು ಮಾತ್ರ. ನಿಜದಲ್ಲಿ ಉಲ್ಲೇಖವೆಂದರೆ ಓದುವವರಿಗೆ ಕೊಡುವ ಆಹ್ವಾನ: ನನ್ನ ಮಾತನ್ನೇ ನಂಬಬೇಡಿ, ಹೋಗಿ ನೋಡಿ. ಹಾಗಾಗಿ ಯಾರು ಬರೆದರು, ಯಾವಾಗ, ಎಲ್ಲಿ, ನೀನು ನೋಡಿದ್ದು ಎಂದು ಎಂಬಷ್ಟನ್ನೇ ಕೇಳುವ ಅರ್ಧ ಪುಟದ ಕೈಪಿಡಿಯೇ ನನ್ನ ಆಯ್ಕೆ. ಬರೆದವರ ಹೆಸರು ಹುಡುಕಿ ಹೋದ ಹುಡುಗಿಗೆ ಹೆಸರೇ ಸಿಗದಿದ್ದರೆ, ಇದನ್ನು ನಂಬಲೇ ಎಂಬ ಅನುಮಾನ ತಾನಾಗಿ ಹುಟ್ಟುತ್ತದೆ. ಆ ಅನುಮಾನ ಹತ್ತು ಅಂಕಕ್ಕಿಂತ ದೊಡ್ಡದು.

ವಿಕಿಪೀಡಿಯದ ಪುಟ ನಾಳೆ ಬದಲಾಗಬಹುದು, ನಿಜ. ಆದರೆ ಅದರ ‘ಇತಿಹಾಸ’ದಲ್ಲಿ ಇಂದಿನ ರೂಪಕ್ಕೂ ಒಂದು ಕೊಂಡಿ ಉಳಿದಿರುತ್ತದೆ. ತೋರಿಸಿಕೊಡಲು ಎರಡು ನಿಮಿಷ ಸಾಕು.